ಗೇಟಿನ ಬಳಿ ಬಿಸಿಲಿತ್ತೇ

...ಬಿಸಿಲಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಇದು ಮೂರನೆಯ ಸಲ. ಬಿಸಿಲಿತ್ತು ಎಂದ ಕೂಡಲೇ ಗೇಟಿನ ಮುಂದಿನ ಸಿಮೆಂಟು ರಸ್ತೆ ಕಣ್ಣು ಕುಕ್ಕುವಂತೆ ಹೊಳೆಯುತ್ತದೆ, ಕಾವಲಿನ ಕದಂ ಕಾಕಾ ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತಾರೆ, ಬಸಣ್ಣನ ಹಣೆ ಕೆಂಪಗೆ ಕಾಣುತ್ತದೆ, ಎಲ್ಲವೂ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಅಷ್ಟು ಚೆನ್ನಾಗಿ ಕೂಡಿಕೊಳ್ಳುವುದೇ ನನಗೆ ಅನುಮಾನ. ತುಂತುರು ಬೀಳುತ್ತಿತ್ತು ಎಂದು ಬರೆದು ನೋಡಿದರೆ ಅದೇ ರಸ್ತೆ ಒದ್ದೆಯಾಗುತ್ತದೆ, ಅದೇ ಕಾಕಾ ಗೊಬ್ಬರದ ಚೀಲವನ್ನು ತಲೆಗೆ ಮಡಚಿ ಹಾಕಿಕೊಂಡಿದ್ದಾರೆ, ಬಸಣ್ಣನ ಹಣೆಯ ಮೇಲೆ ಇರುವುದು ನೀರೋ ಬೆವರೋ ತಿಳಿಯುವುದಿಲ್ಲ. ಎರಡೂ ಚಿತ್ರಗಳು ನನ್ನಲ್ಲಿವೆ. ಒಂದು ನಡೆದದ್ದು. ಇನ್ನೊಂದು ನನಗೆ ಬೇಕೆಂದು ನಾನೇ ಆಮೇಲೆ ಮಾಡಿಕೊಂಡದ್ದು. ಯಾವುದು ಯಾವುದೆಂಬುದೊಂದು ಬಿಟ್ಟು ಉಳಿದದ್ದನ್ನೆಲ್ಲ ಹೇಳಬಲ್ಲೆ.

ಹೋದ ವಾರ ಪುಣೆ ಬಳಿಯ ಚಾಕಣದ ರಸ್ತೆಯ ಒಂದು ಹೋಟೆಲಿಗೆ ದೋಸೆ ತಿನ್ನಲು ಹೋಗದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಅಡುಗೆಮನೆ ಎದುರಿಗೇ ಕಾಣುವಂಥ ಹೊಸ ಬಗೆಯ ಹೋಟೆಲು. ದೋಸೆ ಹೊಯ್ಯುವ ನಡುವಯಸ್ಸಿನವನು ಸೊಂಟದಿಂದ ಹಳದಿ ಪಿಸ್ತೂಲಿನಂಥ ಒಂದು ಉಪಕರಣ ತೆಗೆದು, ಕಾವಲಿಗೆ ಗುರಿಯಿಟ್ಟು, ಗುಂಡಿ ಒತ್ತಿದ. ಕಪ್ಪು ಕಬ್ಬಿಣದ ಮೇಲೆ ಒಂದು ಕೆಂಪು ಚುಕ್ಕಿ ಕುಣಿಯಿತು. ನನಗೆ ಸುಮ್ಮನಿರಲಾಗಲಿಲ್ಲ.

"ಅಷ್ಟು ದೂರದಿಂದ ಹಿಡಿದ್ರ ಹ್ಯಾಂಗ?" ಎಂದೆ.

"ಎಂತ ಆಯ್ತು ಮೇಡಂ? ಚುಕ್ಕಿ ಎಲ್ಲಿ ಬೀಳ್ತದೋ ಅಲ್ಲಿಯ ಬಿಸಿ ತೋರಿಸ್ತದೆ."

"ಚುಕ್ಕಿ ಬರೇ ಗುರಿ ತೋರಸೂದಕ್ಕ. ಅಳಿಯೂದು ಅದರ ಸುತ್ತಲಿನ ದೊಡ್ಡ ದುಂಡು ಜಾಗಾ. ದೂರ ಹೋದಂಗ ಆ ದುಂಡು ದೊಡ್ಡದಾಕ್ಕೋತ ಹೋಗ್ತದ. ನೀವು ಕಾವಲಿ ಜೋಡಿ ಗೋಡೀನೂ ಅಳದೀರಿ."

ಅವನು ನಕ್ಕ. "ಹಾಗಾದ್ರೆ ನನ್ನ ಹಳೇ ಥರ್ಮಾಮೀಟರೇ ಸಮ" ಎಂದು ಬೊಗಸೆಯಿಂದ ಕಾವಲಿಗೆ ನೀರು ಚಿಮುಕಿಸಿದ. ಚುಂಯ್ ಎಂದು ಹಬೆ ಎದ್ದಿತು. ಕಾದ ಕಬ್ಬಿಣ, ಎಣ್ಣೆ, ನೀರು ಮೂರೂ ಸೇರಿದ ಆ ವಾಸನೆ ನನ್ನ ಮುಖಕ್ಕೆ ಬಂದು ಬಡಿಯಿತು. ದೋಸೆ ಅರ್ಧಕ್ಕೇ ಬಿಟ್ಟು ಎದ್ದೆ. ನಮ್ಮ ಕ್ಯಾಂಟೀನಿನ ಶೀನಣ್ಣ ಸತ್ತ ವರ್ಷದ ವಾಸನೆ ಅದು.

ಕ್ರಮವಾಗಿ ಹೇಳಬೇಕು. ಕ್ರಮವಾಗಿ ಹೇಳಿದರೆ ಸುಳ್ಳಾಗುತ್ತದೆ ಎಂಬ ಭಯವೂ ಇದೆ. ಇರಲಿ.

ನಾನು ಚಾಕಣದ ಒಂದು ಕಾರ್ಖಾನೆಯಲ್ಲಿ ಅಳತೆಯ ಲ್ಯಾಬಿನವಳು. ಉಕ್ಕಿನ ದಿಮ್ಮಿಗಳನ್ನು ಕುಲುಮೆಯಲ್ಲಿ ಕಾಯಿಸಿ, ದೈತ್ಯ ಸುತ್ತಿಗೆಯ ಕೆಳಗೆ ಬಡಿದು, ಗಾಡಿಗಳ ಬಿಡಿಭಾಗ ಮಾಡುವ ಜಾಗ. ಕಾದ ಉಕ್ಕನ್ನು ಮುಟ್ಟಿ ಅಳೆಯಲಾಗದು, ಹಾಗಾಗಿ ಮುಟ್ಟದೆ ಅಳೆಯುವ ಗನ್ನುಗಳೇ ನನ್ನ ಹೊಟ್ಟೆಪಾಡು. ಕುಲುಮೆಯ ಬಾಯಿಗೆ ಒಂದು, ಮೋಟಾರುಗಳ ಬೇರಿಂಗಿಗೆ ಒಂದು, ವಿದ್ಯುತ್ ಫಲಕದಲ್ಲಿ ಸಡಿಲವಾದ ತಂತಿ ಕದ್ದು ಕಾಯುವುದನ್ನು ಹಿಡಿಯಲು ಇನ್ನೊಂದು. ಎಲ್ಲರೂ ಗನ್ ಎನ್ನುತ್ತಾರೆ, ನಾನೂ ಎನ್ನುತ್ತೇನೆ, ಆದರೆ ಹೆಸರು ತಪ್ಪು. ಅದರಿಂದ ಏನೂ ಹೊರಗೆ ಹೋಗುವುದಿಲ್ಲ. ಬಿಸಿಯಿರುವ ಪ್ರತಿ ವಸ್ತುವೂ, ಉಕ್ಕಾಗಲಿ ಹಾಲಾಗಲಿ ಹಣೆಯಾಗಲಿ, ಕಣ್ಣಿಗೆ ಕಾಣದ ಒಂದು ಬೆಳಕನ್ನು ಸದಾ ಸೂಸುತ್ತಿರುತ್ತದೆ. ಕೆಂಪಿಗಿಂತ ಆಚೆಯ ಬೆಳಕು. ಹೆಚ್ಚು ಬಿಸಿಯಾದಷ್ಟೂ ಹೆಚ್ಚು ಬೆಳಕು. ಗನ್ನಿನ ಮುಂದಿನ ಮಸೂರ ಅದನ್ನು ಕೂಡಿಸಿ ಅಕ್ಕಿಕಾಳಿನಷ್ಟು ಪುಟ್ಟ ಬಿಲ್ಲೆಯ ಮೇಲೆ ಬೀಳಿಸುತ್ತದೆ. ಬಿಲ್ಲೆಯ ತುಂಬ ಎರಡು ಬಗೆಯ ಲೋಹಗಳ ಬೆಸುಗೆಗಳು. ಅವುಗಳ ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಬೆಚ್ಚಗಾದರೆ ಅಷ್ಟೇ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತನ್ನು ಲೆಕ್ಕ ಹಾಕಿ, ತನ್ನ ಸ್ವಂತ ಬಿಸಿ ಎಷ್ಟೆಂದೂ ನೋಡಿಕೊಂಡು, ಗನ್ನು ಒಂದು ಅಂಕಿ ಹೇಳುತ್ತದೆ. ಸುಡುವುದಿಲ್ಲ, ಸುಮ್ಮನೆ ಇಸಿದುಕೊಳ್ಳುತ್ತದೆ.

ಇಸಿದುಕೊಳ್ಳುವುದು ಮೇಲ್ಮೈಯಿಂದ ಮಾತ್ರ. ಅದರ ಎಲ್ಲ ತಪ್ಪುಗಳೂ ಅಲ್ಲಿಂದಲೇ. ಹೊಳೆಯುವ ಸ್ಟೀಲು ತನ್ನ ಬಿಸಿಯನ್ನು ಬಚ್ಚಿಟ್ಟು ಎದುರಿನ ಗೋಡೆಯ ಬಿಸಿಯನ್ನು ಪ್ರತಿಫಲಿಸುತ್ತದೆ. ಗಾಜಿನ ಹಿಂದೆ ಏನಿದೆಯೋ ಅದಕ್ಕೆ ಕಾಣುವುದೇ ಇಲ್ಲ, ಗಾಜಿನ ಬಿಸಿಯಷ್ಟೇ ಕಾಣುತ್ತದೆ. ಕಾದ ಉಕ್ಕಿನ ಮೇಲೆ ಹಕ್ಕಳೆ ಎದ್ದರೆ ಗನ್ನು ಆರಿದ ಹಕ್ಕಳೆಯನ್ನು ನೋಡಿ ದಿಮ್ಮಿಯೇ ಆರಿದೆ ಎನ್ನುತ್ತದೆ.

ಇದನ್ನು ನನಗೆ ಕಲಿಸಿದವನು ಬಸಣ್ಣ. ಇಂಡಿ ಕಡೆಯವನು, ಕುಲುಮೆಯ ಮುಖ್ಯ ಕೆಲಸಗಾರ, ನನಗಿಂತ ಹದಿನೈದು ವರ್ಷ ದೊಡ್ಡವನು. ಉಕ್ಕಿನ ಬಣ್ಣ ನೋಡಿ ಬಿಸಿ ಹೇಳುತ್ತಿದ್ದ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗನ್ನು ಸಾವಿರದ ತೊಂಬತ್ತು ಎಂದಾಗ ಅವನು ಬಾಗಿಲಲ್ಲಿ ಒಮ್ಮೆ ಇಣುಕಿ, "ಸಾವಿರದ ನೂರಾ ಎಂಬತ್ತು ಅದ" ಎಂದ.

"ಗನ್ನು ಹಂಗ ಹೇಳವಲ್ದಲ್ರಿ."

"ಸುನಂದಕ್ಕಾರ, ನಿಮ್ಮ ಗನ್ನಿಗೆ ಕಣ್ಣಿನ ಡಾಕ್ಟರಗ ತೋರಸ್ರಿ. ಅದು ಮ್ಯಾಲಿನ ಹಕ್ಕಳಿ ನೋಡಿ ಮಾತಾಡ್ತದ. ಒಳಗಿನ ಮಾತು ನನ್ನ ಕೇಳ್ರಿ."

ಉದ್ದ ಸಲಾಕಿಯಿಂದ ಹಕ್ಕಳೆ ಕೆರೆದು ಹಾಕಿದ. ಮತ್ತೆ ಹಿಡಿದೆ. ಸಾವಿರದ ನೂರಾ ಎಪ್ಪತ್ತೆಂಟು. ಅವತ್ತಿನಿಂದ ಗನ್ನಿಗೂ ಬಸಣ್ಣನಿಗೂ ಜಗಳ ಬಿದ್ದರೆ ನಾವು ತಿದ್ದುತ್ತಿದ್ದದ್ದು ಗನ್ನನ್ನು. "ಬಸಣ್ಣನ ಕೇಳ್ರಿ" ಎಂಬುದು ನಮ್ಮ ಶಾಪಿನಲ್ಲಿ ಒಂದು ಪದ್ಧತಿಯೇ ಆಗಿಹೋಯಿತು. ನಾನು ಹನ್ನೊಂದು ವರ್ಷ ಹಾಗೆಯೇ ಕೇಳಿದೆ, ಅವನು ಒಮ್ಮೆಯೂ ತಪ್ಪಲಿಲ್ಲ. ಈ ಮಾತು ನೆನಪಿರಲಿ. ನನ್ನ ತಪ್ಪೇನಾದರೂ ಇದ್ದರೆ ಅದು ಹುಟ್ಟಿದ್ದು ಇಲ್ಲಿ.

ಮೂರನೆಯವರು ಕ್ಯಾಂಟೀನಿನ ಶೀನಣ್ಣ. ಕುಂದಾಪುರದ ಕಡೆಯವರು, ಸಕ್ಕರೆ ಕಾಯಿಲೆಯ ಗುಂಡು ಮನುಷ್ಯ. ಕುಲುಮೆಯವರಿಗೆ ದಿನಕ್ಕೆ ಎರಡು ಸಲ ಇಂಗು ಹಾಕಿದ ಮಜ್ಜಿಗೆ ಕೊಡಬೇಕೆಂಬುದು ಅವರೇ ಮಾಡಿಕೊಂಡ ನಿಯಮ. ಬಸಣ್ಣ ಕಿಟಕಿಗೆ ಮೊಣಕೈ ಊರಿ ನಿಂತು ಮಜ್ಜಿಗೆ ಕುಡಿಯುತ್ತಿದ್ದ, ಶೀನಣ್ಣ ಒಳಗಿಂದ ಅದೇ ಕಿಟಕಿಗೆ ಮೊಣಕೈ ಊರುತ್ತಿದ್ದರು. ಇಬ್ಬರಿಗೂ ಒಬ್ಬರ ಕನ್ನಡ ಇನ್ನೊಬ್ಬರಿಗೆ ತಮಾಷೆ.

"ನಿಮ್ಮ ಭಾಷಿ ಕೇಳಿದ್ರ ಮಜ್ಜಿಗಿ ತಾನ ಒಡೀತದ್ರಿ."

"ಕುಡಿ, ಕುಡಿ. ನಿನ್ನ ಭಾಷೆಗೆ ಸ್ವಲ್ಪ ನೀರು ಹಾಕಿದ್ರೆ ಮನುಷ್ಯರಿಗೆ ಅರ್ಥ ಆಗ್ತದೆ."

ಎರಡು ಸಾವಿರದ ಇಪ್ಪತ್ತರ ಬೇಸಿಗೆಯ ಕೊನೆಗೆ, ಮುಚ್ಚಿದ್ದ ಕಾರ್ಖಾನೆ ಅರ್ಧ ಜನರೊಂದಿಗೆ ಮತ್ತೆ ತೆರೆಯಿತು. ಗೇಟಿನಲ್ಲಿ ಎಲ್ಲರ ಹಣೆ ಅಳೆಯಬೇಕೆಂದಾಯಿತು. ಬಿಳಿ ಪ್ಲಾಸ್ಟಿಕ್ಕಿನ ನಾಲ್ಕು ಗನ್ನುಗಳ ಪೆಟ್ಟಿಗೆ ನನ್ನ ಮೇಜಿಗೆ ಬಂತು. "ನಿಮಗೆ ಗನ್ನು ಗೊತ್ತಲ್ಲ" ಎಂದರು ಮೇಲಿನವರು. ಗೊತ್ತಿತ್ತು. ಗೊತ್ತಿದ್ದದ್ದೇ ಹೆದರಿಕೆಗೆ ಕಾರಣವಾಯಿತು.

ಯಾಕೆಂದರೆ ಹಣೆ ಎಂದೂ ಮೈಯೊಳಗಿನಷ್ಟು ಬೆಚ್ಚಗಿರುವುದಿಲ್ಲ. ಆ ಬಿಳಿ ಗನ್ನು ಹಣೆಯಲ್ಲಿ ಕಂಡದ್ದಕ್ಕೆ ತಾನೇ ಒಂದಿಷ್ಟು ಕೂಡಿಸಿ, ಒಳಗೆ ಇಷ್ಟಿರಬಹುದು ಎಂದು ಊಹಿಸಿ ತೋರಿಸುತ್ತದೆ. ನಾನು ಅಳೆಯುತ್ತಿದ್ದದ್ದು ಊಹೆಯನ್ನು. ಬೆವರಿದ ಹಣೆ ತಣ್ಣಗೆ ತೋರುತ್ತದೆ. ಬಿಸಿಲಲ್ಲಿ ಬೈಕಿನ ಮೇಲೆ ಬಂದವನ ಹಣೆ ಜ್ವರದಂತೆ ತೋರುತ್ತದೆ. ಎಸಿ ಕೋಣೆಯಿಂದ ಗನ್ನನ್ನು ನೇರ ಗೇಟಿಗೆ ಒಯ್ದರೆ ಅದಕ್ಕೇ ದಿಕ್ಕು ತಪ್ಪುತ್ತದೆ, ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಇದನ್ನೆಲ್ಲ ತಿಳಿದ ನಾನು ಪ್ರತಿ ಹಣೆಯ ಮುಂದೆ ತಡೆದು ಗುಂಡಿ ಒತ್ತುತ್ತಿದ್ದೆ. ತಿಳಿಯದ ಕದಂ ಕಾಕಾ ತಡೆಯದೆ ಒತ್ತುತ್ತಿದ್ದರು.

ಜನರ ಹೆದರಿಕೆ ಬೇರೆಯೇ ಇತ್ತು. ಗನ್ನು ಮಿದುಳಿಗೆ ಕಿರಣ ಬಿಡುತ್ತದೆ ಎಂದು ಮೊಬೈಲಿನಲ್ಲಿ ಸುದ್ದಿ. ಎಲ್ಲರೂ ಹಣೆ ಹಿಂದಕ್ಕೆಳೆದುಕೊಂಡು ಮುಂಗೈ ಚಾಚುತ್ತಿದ್ದರು. ಮುಂಗೈ ಇನ್ನೂ ತಣ್ಣಗಿರುತ್ತದೆ, ಅಲ್ಲಿ ಜ್ವರ ಸಿಗುವುದು ಕಷ್ಟ. "ಇದು ಏನೂ ಬಿಡೂದಿಲ್ರೋ, ಬರೇ ತಗೋತದ" ಎಂದು ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳಿ ಗಂಟಲು ಒಣಗಿತು. ಶೀನಣ್ಣ ಮಾತ್ರ ಹಣೆಯನ್ನು ಗನ್ನಿಗೆ ತಾಗುವಷ್ಟು ಮುಂದೆ ತರುತ್ತಿದ್ದರು.

"ಹೊಡಿ ಮಾರಾಯ್ತಿ. ಒಳಗೆ ಮಿದುಳು ಉಂಟಾ ಇಲ್ವಾ ಅಂತ ಅದಾದ್ರೂ ಹೇಳ್ಲಿ."

"ಸ್ವಲ್ಪ ಹಿಂದ ಸರೀರಿ ಶೀನಣ್ಣ. ನಾಕ್ ಬೆರಳು ದೂರ."

"ನೀನು ಹೀಗೆ ನೋಡಿದ್ರೆ ಇಲ್ಲದ ಜ್ವರವೂ ಬರ್ತದೆ. ನಗಾಡು ಒಂಚೂರು."

ನಗಲಾಗುತ್ತಿರಲಿಲ್ಲ. ನಮಗೆ ಕೊಟ್ಟಿದ್ದ ಗೆರೆ ಮೂವತ್ತೇಳೂವರೆ. ಅದನ್ನು ದಾಟಿದವರಿಗೆ ಆಗುವುದನ್ನೆಲ್ಲ ಎಲ್ಲರೂ ನೋಡಿದ್ದರು. ನೀಲಿ ಕವಚದ ಜನ ಬಂದು ಕರೆದೊಯ್ಯುವುದು, ಹೆಂಡತಿ ಮಕ್ಕಳನ್ನು ಬೇರೆ ಗಾಡಿಯಲ್ಲಿ ಇನ್ನೊಂದು ಕಡೆ ಒಯ್ಯುವುದು, ಓಣಿಯ ಬಾಯಿಗೆ ತಗಡು ಹೊಡೆಯುವುದು. ದೇಹೂ ರೋಡಿನ ನಮ್ಮ ಮನೆಯ ಹಿಂದಿನ ಓಣಿಗೆ ತಗಡು ಹೊಡೆದ ದಿನ, ಮೊಳೆಯ ಒಂದೊಂದು ಏಟಿಗೂ ನಮ್ಮ ಅತ್ತೆ ಕಣ್ಣು ಮುಚ್ಚುತ್ತಿದ್ದರು. ಬಸಣ್ಣನ ಮನೆ ಇನ್ನೊಂದು ಓಣಿಯಲ್ಲಿ. ಅವನ ಹೆಂಡತಿಗೆ ಒಂದು ಕಾಲು ಸ್ವಾಧೀನವಿಲ್ಲ. ನೀರು ಹಿಡಿಯುವುದು, ಎತ್ತಿ ಕೂರಿಸುವುದು ಎಲ್ಲ ಅವನೇ.

ನಾನು ಒಂದು ಗನ್ನನ್ನು ಸಂಜೆ ಮನೆಗೆ ಒಯ್ದು ಅತ್ತೆಯ ಹಣೆ ಅಳೆಯುತ್ತಿದ್ದೆ, ನನ್ನದನ್ನು ದಿನಕ್ಕೆ ಎಷ್ಟೋ ಸಲ ಅಳೆಯುತ್ತಿದ್ದೆ. ಒಂದು ಬೆಳಿಗ್ಗೆ ಬಚ್ಚಲಿನ ಕನ್ನಡಿಯೊಳಗಿನ ನನ್ನ ಹಣೆಗೆ ಗನ್ನು ಹಿಡಿದೆ. ಅಳತೆಗೆ ಸಿಗದಷ್ಟು ತಣ್ಣಗಿದೆ ಎಂದು ತೋರಿಸಿತು. ಹೆಣ ನೋಡಿದವಳಂತೆ ಕೂಗಿಕೊಂಡೆ. ಗಾಜಿನ ಆಚೆ ಅದಕ್ಕೆ ಏನೂ ಕಾಣುವುದಿಲ್ಲ ಎಂದು ವರ್ಷಗಟ್ಟಲೆ ಹೊಸಬರಿಗೆ ಪಾಠ ಹೇಳಿದವಳು ನಾನು. ಭಯಕ್ಕೆ ಆ ಪಾಠ ಬಂದಿರಲಿಲ್ಲ.

ಗೇಟಿನ ಪಕ್ಕ ಬೇವಿನ ಮರದ ಕೆಳಗೆ ಒಂದು ಬೆಂಚು ಹಾಕಿಸಿ, ಕಂಬಕ್ಕೆ ಫ್ಯಾನು ಕಟ್ಟಿಸಿದ್ದೆ. ಬಿಸಿಲಿನಿಂದ ಬಂದು ಗೆರೆ ದಾಟಿದವರು ಹತ್ತು ನಿಮಿಷ ಅಲ್ಲಿ ಕೂರಬೇಕು, ಮುಖ ಆರಿದ ಮೇಲೆ ಇನ್ನೊಮ್ಮೆ ಹಿಡಿಯಬೇಕು. ಇದು ನನ್ನದೇ ನಿಯಮ, ಸರಿಯಾದ ನಿಯಮ, ಈಗಲೂ ಸರಿ ಎನ್ನುತ್ತೇನೆ. ಬಿಸಿಲಿನ ಬಿಸಿ ಹತ್ತು ನಿಮಿಷದಲ್ಲಿ ಇಳಿಯುತ್ತದೆ, ಜ್ವರ ಇಳಿಯುವುದಿಲ್ಲ. ಆದರೆ ಒದ್ದೆ ಟವೆಲಿನಿಂದ ಹಣೆ ಒರೆಸಿಕೊಂಡರೆ ಜ್ವರವೂ ಸ್ವಲ್ಪ ಹೊತ್ತು ಇಳಿದಂತೆ ಕಾಣುತ್ತದೆ. ಕುಲುಮೆಯವರ ಹೆಗಲ ಮೇಲೆ ಸದಾ ಒಂದು ಒದ್ದೆ ಟವೆಲು ಇರುತ್ತದೆ ಎಂಬುದನ್ನು ನಾನು ನಿಯಮ ಮಾಡುವಾಗ ಯೋಚಿಸಲಿಲ್ಲ. ದಿನಾ ನೋಡುತ್ತಿದ್ದದ್ದು, ಆದ್ದರಿಂದಲೇ ಕಾಣಲಿಲ್ಲ.

ಆ ಬೆಳಿಗ್ಗೆ. ಜೂನ್ ತಿಂಗಳು. ಮಳೆ ಒಂದೆರಡು ಸಲ ಬಂದು ಹೋಗಿತ್ತು, ಹಾಗಾಗಿ ಬಿಸಿಲೂ ಇರಬಹುದು, ತುಂತುರೂ ಇರಬಹುದು. ಸಾಲಿನಲ್ಲಿ ಬಸಣ್ಣ ನಾಲ್ಕನೆಯವನೋ ಐದನೆಯವನೋ. ಹಣೆಗೆ ಹಿಡಿದೆ. ಮೂವತ್ತೆಂಟು ಪಾಯಿಂಟ್ ಒಂದು. ಗನ್ನಿನ ಪರದೆ ಕೆಂಪಾಯಿತು, ಪೀಂ ಪೀಂ ಎಂದು ಕೂಗಿತು. ಹಿಂದಿನ ಸಾಲು ತಾನಾಗಿ ಎರಡು ಹೆಜ್ಜೆ ಹಿಂದೆ ಸರಿಯಿತು. ಕದಂ ಕಾಕಾ ಮರಾಠಿಯಲ್ಲಿ, "ಅರೇ ದೇವಾ" ಎಂದರು.

"ಬಸಣ್ಣ, ಮೈ ಬಿಸಿ ಅದ ಏನು?"

"ಬಿಸಲ್ರಿ ಸುನಂದಕ್ಕಾರ. ಗಾಡಿ ಮ್ಯಾಲೆ ಬಂದೀನಿ."

"ಕೆಮ್ಮು, ನೆಗಡಿ?"

"ಏನೂ ಇಲ್ರಿ. ನಿಮ್ಮ ಗನ್ನು ಮ್ಯಾಲಿನ ಹಕ್ಕಳಿ ನೋಡಾಕತ್ತದ" ಎಂದು ನಕ್ಕ. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು. ಅವು ನಗುತ್ತಿದ್ದವೇ? ನಕ್ಕ ಎಂದು ಈಗಷ್ಟೇ ಬರೆದೆ. ದನಿ ನಕ್ಕಿತ್ತು ಎಂಬುದಷ್ಟೇ ನಿಜ.

ಬೆಂಚಿನ ಮೇಲೆ ಕೂತ. ಹತ್ತು ನಿಮಿಷ ಆಯಿತೋ, ಸಾಲು ಬೆಳೆಯಿತೆಂದು ಐದಕ್ಕೇ ಎಬ್ಬಿಸಿದೆನೋ. ಎರಡನೆಯ ಸಲ ಹಿಡಿದೆ. ಮೂವತ್ತೇಳು ಪಾಯಿಂಟ್ ಎರಡು. ಗೆರೆಯೊಳಗೆ, ಆದರೆ ಗೆರೆಗೆ ಹತ್ತಿರ. ಆಗ ನಾನು ಕುಲುಮೆಯ ಮುಂದೆ ಕೇಳುವ ಮಾತನ್ನೇ ಕೇಳಿದೆ.

"ನಿನಗ ಏನ ಅನಸ್ತದ ಬಸಣ್ಣ?"

"ನಾ ಹೇಳಾಕತ್ತೀನಲ್ರಿ, ಏನೂ ಇಲ್ಲ."

"ಹೋಗು ಹಂಗಾರ."

ಗನ್ನಿಗಿಂತ ಅವನ ಮಾತು ದೊಡ್ಡದು ಎಂದು ಕೈಗೆ ಅಭ್ಯಾಸವಾಗಿತ್ತು. ಕಾದ ದಿಮ್ಮಿಯ ಬಗ್ಗೆ ಅವನು ಹೇಳುತ್ತಿದ್ದದ್ದು ನಿಜವೇ. ದಿಮ್ಮಿಯ ಮನೆಯಲ್ಲಿ ಕಾಲು ಸ್ವಾಧೀನವಿಲ್ಲದ ಹೆಂಡತಿ ಇರುವುದಿಲ್ಲ, ದಿಮ್ಮಿಯ ಓಣಿಗೆ ಯಾರೂ ತಗಡು ಹೊಡೆಯುವುದಿಲ್ಲ. ದಿಮ್ಮಿಯ ಬಗ್ಗೆ ಸುಳ್ಳು ಹೇಳಲು ಅವನಿಗೆ ಕಾರಣವಿರಲಿಲ್ಲ. ಅವತ್ತು ಅವನೇ ದಿಮ್ಮಿ, ನಾನು ದಿಮ್ಮಿಯನ್ನೇ ಅದರ ಬಿಸಿ ಎಷ್ಟೆಂದು ಕೇಳಿದ್ದೆ. ಈ ವ್ಯತ್ಯಾಸ ಹೊಳೆಯಲು ನನಗೆ ಐದು ದಿನ ಬೇಕಾಯಿತು.

ಮಧ್ಯಾಹ್ನ ಅವನು ಮಜ್ಜಿಗೆಯ ಕಿಟಕಿಯಲ್ಲಿ ನಿಂತಿದ್ದನ್ನು ದೂರದಿಂದ ಕಂಡೆ. ಎರಡು ಮೊಣಕೈಗಳು ಒಂದೇ ಕಟ್ಟೆಯ ಮೇಲೆ. ಕುಡಿಯಲು ಇಬ್ಬರೂ ಮಾಸ್ಕು ಕೆಳಗೆ ಎಳೆದಿದ್ದರು. ಶೀನಣ್ಣ ಕುಡಿಯುತ್ತಿರಲಿಲ್ಲವಲ್ಲ? ಮಾತಿಗೋಸ್ಕರ ಎಳೆದಿದ್ದರೇನೋ. ಏನೋ ಹೇಳಿ ನಕ್ಕರು, ಕಾವಲಿಗೆ ನೀರು ಚಿಮುಕಿಸಿದರು, ಹಬೆ ಇಬ್ಬರನ್ನೂ ಮುಚ್ಚಿತು. ಆ ದಿನದ ಚಿತ್ರಗಳಲ್ಲಿ ನಾನು ಎಂದೂ ಅನುಮಾನಿಸದ ಒಂದೇ ಚಿತ್ರ ಆ ಹಬೆ. ಅದನ್ನೂ ಅನುಮಾನಿಸಬೇಕು. ಮಧ್ಯಾಹ್ನ ದೋಸೆ ಯಾರು ಮಾಡುತ್ತಾರೆ?

ಮರುದಿನ ಬಸಣ್ಣ ಬರಲಿಲ್ಲ. ಐದನೆಯ ದಿನ ಅವನಿಗೆ ರೋಗ ಇದೆಯೆಂದು ಸುದ್ದಿ ಬಂತು, ಓಣಿಗೆ ತಗಡು ಬಿತ್ತು. ಅವನ ಹೆಂಡತಿಯನ್ನು ಪಕ್ಕದ ಮನೆಯವರು ನೋಡಿಕೊಂಡರು. ಕಾರ್ಖಾನೆಯ ಕಚೇರಿಯವರು ಗೇಟಿನ ಪುಸ್ತಕ ತರಿಸಿದರು. ಅವರು ಪುಟ ತಿರುವುವಾಗ ನಾನೂ ಪಕ್ಕದಲ್ಲಿ ನಿಂತು ನೋಡಿದೆ. ಪುಸ್ತಕದಲ್ಲಿ ಆ ದಿನ ಬಸಣ್ಣನ ಹೆಸರಿನ ಮುಂದೆ ನನ್ನ ಕೈಬರಹದಲ್ಲಿ ಮೂವತ್ತಾರು ಪಾಯಿಂಟ್ ನಾಲ್ಕು ಎಂದಿತ್ತು.

ಮೂವತ್ತೆಂಟು ಪಾಯಿಂಟ್ ಒಂದು ಇಲ್ಲ. ಮೂವತ್ತೇಳು ಪಾಯಿಂಟ್ ಎರಡೂ ಇಲ್ಲ.

ಕಚೇರಿಯವರು "ಸರಿಯಾಗಿದೆ" ಎಂದು ಮುಚ್ಚಿದರು. ನಾನು ಪುಟದ ಮೇಲೆ ಕೆಳಗೆ ನೋಡಿದ್ದೆ. ಮೂವತ್ತಾರು ನಾಲ್ಕು, ಮೂವತ್ತಾರು ಐದು, ಮೂವತ್ತಾರು ಮೂರು, ಮತ್ತೆ ಮೂವತ್ತಾರು ನಾಲ್ಕು. ಸಾಲು ಉದ್ದವಿದ್ದ ದಿನಗಳಲ್ಲಿ ಗೆರೆಯೊಳಗಿದ್ದವರಿಗೆಲ್ಲ ನಾನು ಬಾಯಿಪಾಠದಂತೆ ಅದನ್ನೇ ಬರೆಯುತ್ತಿದ್ದೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆದ್ದರಿಂದ ಪುಸ್ತಕ ನನ್ನ ನೆನಪನ್ನು ಸುಳ್ಳು ಮಾಡುತ್ತದೆ ಎನ್ನಲಾರೆ, ನಿಜ ಮಾಡುತ್ತದೆ ಎನ್ನಲಾರೆ.

ಹತ್ತು ಹನ್ನೆರಡು ದಿನಕ್ಕೆ ಶೀನಣ್ಣನಿಗೆ ಜ್ವರ ಬಂತು. ಗೇಟಿನಲ್ಲಿ ಅವರ ಹಣೆಗೆ ನಾನು ಹಿಡಿದ ಕೊನೆಯ ಅಂಕಿ ಮೂವತ್ತಾರೂವರೆ. ಅವರು ಬಸಣ್ಣನಿಂದಲೇ ಪಡೆದರು ಎಂದು ಹೇಳಲು ಬರುವುದಿಲ್ಲ. ಕೊಂಢವಾದಲ್ಲಿ ಅವರ ತಮ್ಮನ ಮನೆ, ಭಾನುವಾರ ಅಲ್ಲಿಗೆ ಹೋಗಿದ್ದರಂತೆ. ಹಾಲಿನ ಗಾಡಿಯವನು, ತರಕಾರಿಯವನು, ಎಷ್ಟು ದಾರಿಗಳು. ನಾನು ಆ ದಾರಿಗಳನ್ನೆಲ್ಲ ಎಣಿಸುತ್ತಿದ್ದೆ, ಹೆಚ್ಚಿದ್ದಷ್ಟೂ ಉಸಿರಾಡಬಹುದೆಂಬಂತೆ.

ಆಸ್ಪತ್ರೆಯಿಂದ ಅವರು ಒಮ್ಮೆ ಫೋನು ಮಾಡಿದರು. ಉಸಿರಿಗೂ ಮಾತಿಗೂ ನಡುವೆ ಒಂದು ಸಿಳ್ಳು.

"ಸುನಂದಾ, ಇಲ್ಲಿಯವರಿಗೆ ಗನ್ನು ಹಿಡಿಲಿಕ್ಕೆ ಬರುದಿಲ್ಲ ಮಾರಾಯ್ತಿ. ಒಂದು ಮಾರು ದೂರದಿಂದ ಹಿಡಿತಾರೆ."

"ನೀವು ಮಾತಾಡಬ್ಯಾಡ್ರಿ ಶೀನಣ್ಣ."

"ಹತ್ರ ಬರ್ಲಿಕ್ಕೆ ಹೆದರಿಕೆ ಅವಕ್ಕೆ. ನೀನು ಹೆದರಿಕೊಂಡೇ ಹತ್ರ ಬರ್ತಿದ್ದಿ." ಸಿಳ್ಳು. "ಬಸಣ್ಣ ಹೇಗಿದ್ದಾನೆ?"

"ಅರಾಮ ಆಗಾಕತ್ತಾನಂತ."

"ಹಾಂ. ಅವ ಬಂದ್ರೆ ಕ್ಯಾಂಟೀನಿನ ಹುಡುಗರಿಗೆ ಮಜ್ಜಿಗೆಗೆ ಇಂಗು ಕಡಿಮೆ ಹಾಕ್ಲಿಕ್ಕೆ ಹೇಳು, ಹೊಸ ಡಬ್ಬಿದು ಖಾರ ಉಂಟು."

ಕೇಳಬೇಕಿತ್ತು. ಆ ಮಧ್ಯಾಹ್ನ ಬಸಣ್ಣ ಕೆಮ್ಮುತ್ತಿದ್ದನೇ, ನೀವು ಮಾಸ್ಕು ಎಳೆದಿದ್ದಿರೇ. ಬಾಯಿಗೆ ಬಂದ ಪ್ರಶ್ನೆಯನ್ನು ಹೆದರಿ ನುಂಗಿದೆ. ಆ ಫೋನಿನ ನಾಲ್ಕನೆಯ ದಿನ ಶೀನಣ್ಣ ಹೋದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರಂತೆ, ಮುಖ ಯಾರಿಗೂ ಕಾಣಲಿಲ್ಲವಂತೆ.

ಬಸಣ್ಣ ತಿಂಗಳ ಮೇಲೆ ಮರಳಿದ. ಮಳೆ ಹಿಡಿದು ಸುರಿಯುತ್ತಿದ್ದ ದಿನ. ಹಣೆಗೆ ಗನ್ನು ಹಿಡಿದೆ, ಅವನು ಕಣ್ಣು ಮುಚ್ಚಿಕೊಂಡ. ಕ್ಯಾಂಟೀನಿನ ಕಿಟಕಿಗೆ ಹಲಗೆ ಹೊಡೆದಿತ್ತು. ಕುಲುಮೆಯ ಮುಂದೆ ಅವನು "ಸಾವಿರದ ನೂರಾ ಅರವತ್ತು" ಎಂದಾಗ ನಾನು ಹನ್ನೊಂದು ವರ್ಷದಲ್ಲಿ ಮೊದಲ ಸಲ, ದಿಮ್ಮಿಯ ಒಳಗೆ ತೂರಿಸುವ ತಂತಿಯ ಮಾಪಕ ತರಿಸಿ ಪರೀಕ್ಷಿಸಿದೆ. ಅವನು ಹೇಳಿದ್ದು ಸರಿಯಾಗಿತ್ತು. ನಾನು ಪರೀಕ್ಷಿಸುವುದನ್ನು ಅವನು ನೋಡಿದ. ಆಮೇಲೆ ಕೇಳಿದರೂ ಅಂಕಿ ಹೇಳುತ್ತಿರಲಿಲ್ಲ, "ಗನ್ನು ನೋಡ್ಕೋರಿ" ಎನ್ನುತ್ತಿದ್ದ.

ದೋಸೆ ಬಿಟ್ಟು ಎದ್ದ ದಿನ ನಾನು ನೇರ ಅವನ ಮನೆಗೆ ಹೋದೆ. ನಿವೃತ್ತನಾಗಿ ಎರಡು ವರ್ಷವಾಗಿದೆ. ಹೆಂಡತಿಯ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ. ಚಹಾ ಆಯಿತು. ಇಷ್ಟು ವರ್ಷದ ಭಯವನ್ನು ಒಂದೇ ವಾಕ್ಯ ಮಾಡಿ ಕೇಳಿದೆ.

"ಆ ದಿನ ನಿನಗ ಜ್ವರ ಇತ್ತೇನ ಬಸಣ್ಣ?"

ಎಣ್ಣೆಯ ಕೈ ನಿಂತಿತು.

"ಹಿಂದಿನ ದಿನ ಬಂದಿತ್ರಿ. ಮುಂಜಾನೆ ಐದಕ್ಕ ಎರಡು ಗುಳಿಗಿ ನುಂಗಿ ಬಂದಿದ್ದೆ. ಇಕಿನ್ನ ಬಿಟ್ಟು ಎಲ್ಲಿ ಹೋಗ್ಲಿ?"

"ಹಂಗಾರ ಮೂವತ್ತೆಂಟು ಹ್ಯಾಂಗ ಬಂತು?"

"ಎಲ್ಲಿ ಮೂವತ್ತೆಂಟು? ನೀವು ಒಮ್ಮೆನ ಹಿಡದ್ರಿ. ಮೂವತ್ತಾರು ಚಿಲ್ಲರ ಬಂತು. ಗುಳಿಗಿ ನುಂಗಿದವಗ ಎಲ್ಲಿ ಬರ್ತದ್ರಿ? ಬೆಂಚಿನ ಮ್ಯಾಲೆ ಕೂತಾವ ನಾ ಅಲ್ಲ, ಬ್ಯಾರೆ ಯಾರರ ಇರಬೇಕು."

"ಪೀಂ ಪೀಂ ಅಂದಿತ್ತು. ನೀನು ಬಿಸಲು ಅಂದಿ."

"ಮಳಿ ಇತ್ರಿ ಅವತ್ತು." ಎಣ್ಣೆಯ ಕೈ ಮತ್ತೆ ಚಲಿಸಿತು. "ನಿಮ್ಮ ಗನ್ನಿಂದು ತಪ್ಪಿಲ್ಲ, ನಿಮ್ಮದೂ ಇಲ್ಲ. ಆಗಿದ್ದರ ನಂದು. ಒಳಗಿನ ಮಾತು ನನ್ನ ಕೇಳ್ರಿ."

ಹೆಂಡತಿ ಗೋಡೆಯ ಕಡೆ ನೋಡುತ್ತಿದ್ದಳು. ನಾನು ಅವನ ಕಣ್ಣು ನೋಡಿದೆ. ಮಾಸ್ಕು ಇಲ್ಲದ ಪೂರ್ತಿ ಮುಖ ಎದುರಿಗಿತ್ತು, ಆದರೂ ಓದಲಾಗಲಿಲ್ಲ. ಅವನು ಹೇಳಿದ್ದು ನಡೆದದ್ದೇ ಆಗಿದ್ದರೆ ಗನ್ನು ಏನೂ ಮಾಡುವಂತಿರಲಿಲ್ಲ, ನಾನೂ ಏನೂ ಮಾಡುವಂತಿರಲಿಲ್ಲ. ಅಥವಾ, ಹಾಗೆಂದು ನಂಬಿ ನಾನು ಮನೆಗೆ ಹೋಗಿ ನಿದ್ದೆ ಮಾಡಲಿ ಎಂದೇ ಅವನು ಹೀಗೆ ಹೇಳಿದ. ಗೇಟಿನಲ್ಲಿ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದ್ದೆ, ಅದೇ ಮನುಷ್ಯನಿಂದ ಉತ್ತರ ಬಂದಿತ್ತು, ಅಳೆಯಲು ಕೈಯಲ್ಲಿ ಈ ಸಲ ಏನೂ ಇರಲಿಲ್ಲ.

ಹಳೆಯ ಹವಾಮಾನದ ದಾಖಲೆ ಎಲ್ಲಾದರೂ ಸಿಕ್ಕೀತು ಎನ್ನುತ್ತೀರಿ. ಸಿಗಬಹುದು, ಪುಣೆಯದು. ಚಾಕಣದ ಒಂದು ಗೇಟಿನ ಮೇಲೆ ಒಂಬತ್ತು ಗಂಟೆಗೆ ಮೋಡ ಇತ್ತೇ ಎಂಬುದು ಸಿಗದು. ಹುಡುಕಿಯೂ ಇಲ್ಲ, ಸಿಕ್ಕರೆ ಎಂಬ ಭಯದಿಂದ. ಬಿಸಿಲಿದ್ದರೆ ನಾನು ಅವನನ್ನು ನಂಬಿದ್ದಕ್ಕೆ ಒಂದು ಕಾರಣವಿತ್ತು. ಮಳೆಯಿದ್ದೂ ಬಿಸಿಲೆಂಬ ಮಾತನ್ನು ಒಪ್ಪಿ ಒಳಗೆ ಬಿಟ್ಟಿದ್ದರೆ ಯಾವ ಕಾರಣವೂ ಇಲ್ಲ. ಬೆಂಚಿನ ಮೇಲೆ ಕೂತವನು ಬಸಣ್ಣನೋ ಬೇರೆಯವನೋ, ಟವೆಲು ಒದ್ದೆಯಿತ್ತೋ ಇಲ್ಲವೋ, ಶೀನಣ್ಣನಿಗೆ ಅದು ಆ ಕಿಟಕಿಯಿಂದ ಬಂತೋ ಬೇರೆಲ್ಲಿಂದಲೋ, ನನಗೆ ಗೊತ್ತಿಲ್ಲ. ಆ ಬೆಳಿಗ್ಗೆ ಗೇಟಿನ ಬಳಿ ಬಿಸಿಲಿತ್ತೇ ಎಂಬುದೂ ಗೊತ್ತಿಲ್ಲ.